ಸಾಹೇಬರ ಮೋಟಾರಿಗೆ ಸರಿಯಾದ ಪ್ಲಗ್ಗು

ಸೀತಾರಾಮ ಮೋಟಾರು ಇಂಜಿನ್ನುಗಳ ಬಗ್ಗೆ ತನ್ನ ಜನ್ಮದಲ್ಲಿ ಓದಿದ್ದು ಒಟ್ಟು ಒಂದೂವರೆ ಪುಟ. ಪುಸ್ತಕದಲ್ಲಿ ಇನ್ನೂ ಇತ್ತು. ಆದರೆ ಎರಡನೆಯ ಪುಟದ ಕೆಳಗಿನ ಅರ್ಧವನ್ನು, ಅದರ ಹಿಂಬದಿಯಲ್ಲಿದ್ದ ಓಟದ ಕಾರಿನ ಚಿತ್ರದ ಆಸೆಗೆ ಯಾರೋ ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗಿದ್ದರು. ಮುಂದೆ ನಡೆದುದಕ್ಕೆಲ್ಲ ಆ ಬ್ಲೇಡಿನವನೇ ಹೊಣೆ ಎಂದು ಸೀತಾರಾಮ ಇಂದಿಗೂ ವಾದಿಸುತ್ತಾನೆ. ಕೇಳುವವರು ಸಿಕ್ಕಿದಾಗ.

ಅವನ ನಿಜವಾದ ವಿದ್ಯೆ ಬೇರೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮುಂಬಯಿಗೆ ಬಂದವನಿಗೆ ವಿಕ್ರೋಳಿಯ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬಣ್ಣ ಹೊಂದಿಸುವ ಕೆಲಸ ಸಿಕ್ಕಿತ್ತು. ಗಿರಾಕಿ ಕಳಿಸಿದ ತಗಡಿನ ಚೂರನ್ನೂ ಕಾರ್ಖಾನೆಯ ಡಬ್ಬಿಯ ಬಣ್ಣವನ್ನೂ ಉತ್ತರದ ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಹಿಡಿದು, ಎರಡೂ ಒಂದೇ ಹೌದೋ ಅಲ್ಲವೋ ಎಂದು ತೀರ್ಪು ಕೊಡಬೇಕು. ಇದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೆಂಡತಿ ಶಾಮಲಾ ಹುಳಿ ಬಡಿಸಿದರೆ, "ನಿನ್ನೆಯದಕ್ಕಿಂತ ಅರ್ಧ ಛಾಯೆ ಕೆಂಪು" ಎನ್ನುತ್ತಿದ್ದ. ರುಚಿ ಹೇಗಿದೆಯೆಂದು ಹೇಳುವುದನ್ನು ಮರೆಯುತ್ತಿದ್ದ.

ಬಾಂಗ್ಲಾ ಯುದ್ಧ ಮುಗಿದು, ಕಿಟಕಿಯ ಗಾಜಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಜನ ಇನ್ನೂ ಕೆರೆದು ತೆಗೆಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಕಾರ್ಖಾನೆಯ ಜನರಲ್ ಮ್ಯಾನೇಜರು ಹೊರ್ಮಸ್‌ಜಿ ಸಾಹೇಬರು ಸ್ವತಃ ಪ್ರಯೋಗಾಲಯಕ್ಕೆ ಬಂದರು. ಅವರ ಹತ್ತಿರ ಯಾವುದೋ ಸಣ್ಣ ಸಂಸ್ಥಾನದ ರಾಜರು ಮಾರಿದ ಒಂದು ಹಸಿರು ಮೋಟಾರಿತ್ತು. ವಯಸ್ಸು ನಲವತ್ತರ ಹತ್ತಿರ. ಅದರ ಇಂಜಿನ್ನಿನ ಮೂತಿಗೆ, ಒಳಕ್ಕೆ ಗಾಳಿಯನ್ನು ಒತ್ತಿ ತುರುಕುವ ಸೂಪರ್‌ಚಾರ್ಜರ್ ಎಂಬ ಯಂತ್ರ ಕೂಡಿಸಿತ್ತು. ಸಾಹೇಬರಿಗೆ ಮಕ್ಕಳಿರಲಿಲ್ಲ. ಇದ್ದಿದ್ದರೂ ಆ ಮೋಟಾರಿನಷ್ಟು ಮುದ್ದು ಅವಕ್ಕೆ ಸಿಗುತ್ತಿತ್ತೆಂದು ಹೇಳಲಾಗದು.

ಹಳೆಯ ಹಸಿರಿಗೆ ಹೊಸ ಹಸಿರನ್ನು ಸೀತಾರಾಮ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಸಿಕೊಟ್ಟಿದ್ದ. ಸಾಹೇಬರು ಖುಷಿಯಿಂದ ಬೆನ್ನು ತಟ್ಟಿದರು. "ಶಾಬಾಸ್, ದಿಕ್ರಾ, ನನ್ನ ಮಗನೇ! ಹೊರಗೆಲ್ಲ ಸರಿಹೋಯ್ತು. ಒಳಗೆ ಕಿಡಿ ಹಾರಿಸೋ ಪ್ಲಗ್ಗುಗಳು ಸುಟ್ಟು ಕರಗಿ ಹೋಗ್ತಿವೆ. ಇನ್ನೊಂದು ತಿಂಗಳಿಗೆ ಹಳೇ ಮೋಟಾರುಗಳ ಮೆರವಣಿಗೆ. ಜುಹು ಮುಟ್ಟುತ್ತೋ ಇಲ್ಲವೋ, ದೇವರೇ ಬಲ್ಲ."

ಇಲ್ಲಿ ಸೀತಾರಾಮ "ಹೌದು ಸರ್" ಎಂದು ಸುಮ್ಮನಾಗಬಹುದಿತ್ತು. ಆದರೆ ಒಂದೂವರೆ ಪುಟ ಓದಿದವನಿಗೆ ಸುಮ್ಮನಿರುವುದು ಬಹಳ ಕಷ್ಟ. ಏನೂ ಓದದವನೂ ಪೂರ್ತಿ ಓದಿದವನೂ ಸುಲಭವಾಗಿ ಸುಮ್ಮನಿರುತ್ತಾರೆ.

"ಅದು ಶಾಖದ ಪ್ರಶ್ನೆ ಸರ್," ಎಂದ. "ಸೂಪರ್‌ಚಾರ್ಜರ್ ಇದ್ದರೆ ಒಳಗೆ ಉರಿ ಹೆಚ್ಚು. ಶಾಖವನ್ನು ಬೇಗ ಬಿಟ್ಟುಕೊಡುವ ಪ್ಲಗ್ಗು ಬೇಕು. ತಣ್ಣನೆಯ ಪ್ಲಗ್ಗು ಅಂತಾರೆ. ಎಷ್ಟು ತಣ್ಣನೆಯದು ಅನ್ನೋದನ್ನ ಪ್ಲಗ್ಗಿನ ತುದಿಯ ಬಣ್ಣ ನೋಡಿಯೇ ಹೇಳಬಹುದು. ಬಿಸ್ಕತ್ತಿನ ಬಣ್ಣ ಬಂದರೆ ಸರಿ. ಬೆಳ್ಳಗಿದ್ದರೆ ಉರಿ ಹೆಚ್ಚಾಯಿತು ಅಂತ."

ಮಸಿ ಹಿಡಿದು ಕಪ್ಪಾದರೆ ಏನು ಎನ್ನುವುದು ಕತ್ತರಿಸಿದ ಅರ್ಧ ಪುಟದಲ್ಲಿತ್ತು.

ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು. "ಬಣ್ಣ ನೋಡಿ! ಮುಂಬಯಿಯಲ್ಲಿ ನಿನಗಿಂತ ಚೆನ್ನಾಗಿ ಬಣ್ಣ ನೋಡೋನು ಯಾರು? ನನ್ನ ಗಾಡಿಗೆ ಪ್ಲಗ್ಗು ಆರಿಸೋನು ಇನ್ನು ನೀನೇ. ಕಂಪನಿ ಕ್ವಾರ್ಟರ್ಸ್ ಕೇಳಿದ್ದೆಯಲ್ಲ? ಪಟ್ಟಿಯಲ್ಲಿ ಎಷ್ಟನೆಯವನು?"

"ನಲವತ್ತೊಂದು, ಸರ್."

"ಗಾಡಿ ಜುಹು ಮುಟ್ಟಲಿ. ಒಂದನೆಯವನಾಗ್ತೀಯ."

ಕ್ವಾರ್ಟರ್ಸು ಎಂದರೆ ಎರಡು ಕೋಣೆ, ನಡುವೆ ಒಂದು ಬಾಗಿಲು. ಸೀತಾರಾಮನಿಗೆ ಬೇಕಾಗಿದ್ದುದು ಆ ಬಾಗಿಲು. ಸಾಂತಾಕ್ರೂಜ್‌ನಲ್ಲಿ ಎರಡನೆಯ ಮಾಳಿಗೆಯ ಒಂದೇ ಕೋಣೆಯಲ್ಲಿ ಅವನು, ಶಾಮಲಾ ಮತ್ತು ಅವನ ಸೋದರತ್ತೆ ಅಲಮೇಲು ಇದ್ದರು. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಬೆಳೆಸಿದವರು ಅಲಮೇಲತ್ತೆ. ಕೋಣೆಯ ನಡುವೆ ಹಳೆಯ ಸೀರೆಯ ಪರದೆಯೇನೋ ಇತ್ತು. ಆದರೆ ಪರದೆಯ ಈಚೆಯಿಂದ "ನಾಳೆ ಏನು ತಿಂಡಿ?" ಎಂದು ಪಿಸುಗುಟ್ಟಿದರೆ ಆಚೆಯಿಂದ "ಉಪ್ಪಿಟ್ಟು" ಎಂದು ಉತ್ತರ ಬರುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡಹೆಂಡಿರು ಗುಟ್ಟಿನ ಮಾತೇನಿದ್ದರೂ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಆಡುತ್ತಿದ್ದರು. ಅಲ್ಲಿ ಸಾವಿರ ಜನ ಇದ್ದರೂ ಅತ್ತೆ ಇರುತ್ತಿರಲಿಲ್ಲ.

ಸಂಜೆ ಆ ಸೇತುವೆಯ ಮೇಲೆ ಸುದ್ದಿ ಹೇಳಿದಾಗ ಶಾಮಲಾ ಕೇಳಿದಳು. "ಅಲ್ಲಾ ರೀ, ನಿಮಗೆ ಸೈಕಲ್ ಪಂಕ್ಚರ್ ಹಾಕಕ್ಕೂ ಬರಲ್ಲವಲ್ಲ?"

"ಇದು ಕೈಕೆಲಸ ಅಲ್ಲ ಶಾಮಲಾ, ವಿಜ್ಞಾನ."

ಮರುದಿನದ ಹೊತ್ತಿಗೆ ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತು. ಸೊಸೈಟಿಯ ಸೆಕ್ರೆಟರಿ ಮಂಗಳೂರಿನ ದೂಜ ಮೆಟ್ಟಿಲಲ್ಲೇ ತಡೆದರು. "ಎಂತ ಮಾರಾಯ್ರೇ, ನೀವು ಇಂಜಿನ್ನಿನವರು ಅಂತ ಹೇಳಲೇ ಇಲ್ಲ ನೋಡಿ! ನಮ್ಮ ನೀರಿನ ಪಂಪು ನಾಲ್ಕು ದಿನದಿಂದ ಕೆಮ್ಮುತ್ತಾ ಉಂಟು. ಒಮ್ಮೆ ನೋಡಿ."

ಸೀತಾರಾಮ ಪಂಪನ್ನು ಸುತ್ತ ತಿರುಗಿ ಗಂಭೀರವಾಗಿ ನೋಡಿ, "ಶಾಖದ ಪ್ರಶ್ನೆ" ಎಂದ. ಪಂಪು ಅಂದು ಸಂಜೆ ಪೂರ್ತಿ ನಿಂತಿತು. ಮೊದಲೇ ಸೂಚನೆ ಕೊಟ್ಟಿದ್ದಕ್ಕಾಗಿ ಅವನ ಮೇಲಿನ ಗೌರವ ಹೆಚ್ಚಾಯಿತು.

ಮೋಟಾರನ್ನು ನೋಡಿಕೊಳ್ಳುತ್ತಿದ್ದವನು ಗದಗಿನ ಕಡೆಯ ಮೇಸ್ತ್ರಿ ಕರೀಮಸಾಬ. ಕುರ್ಲಾದಲ್ಲಿ ಅವನದೊಂದು ತಗಡಿನ ಗ್ಯಾರೇಜು. ಪಾಠ ಹೇಳುವವರನ್ನೆಲ್ಲ ಅವನು 'ಮಾಸ್ತರ' ಎಂದು ಕರೆಯುತ್ತಿದ್ದ. ಸೀತಾರಾಮ ಬಾಯಿ ತೆರೆದ ಅರ್ಧ ನಿಮಿಷಕ್ಕೇ ಮಾಸ್ತರನಾದ.

"ನೋಡ್ರಿ ಮಾಸ್ತರ್ರ, ಗಾಳಿ ತುರುಕೂ ಇಂಜಿನ್ ಐತಿ. ಸಾಹೇಬ್ರು ಟ್ಯಾಕ್ಸಿ ಪ್ಲಗ್ ಹಾಕಿಸಿದ್ರು, ಕರಗಿದ್ವು. ಈಗ ನಾ ಎರಡು ನಂಬರ್ ತಣ್ಣಂದು ಹಾಕೀನಿ. ಮುಗೀತು."

"ಮುಗೀತು ಅಂದರೆ? ಪುರಾವೆ ಏನು?"

"ಪುರಾವೆ ಏನ್ರೀ? ಗಾಡಿ ಓಡಾಕತ್ತೈತಿ."

ಗಾಡಿ ಓಡುವುದನ್ನು ಪುರಾವೆಯೆಂದು ಒಪ್ಪುವಷ್ಟು ಸೀತಾರಾಮನ ವಿಜ್ಞಾನ ಸಡಿಲವಾಗಿರಲಿಲ್ಲ. ಪುಸ್ತಕದಲ್ಲಿದ್ದಂತೆಯೇ ಪರೀಕ್ಷೆಯಾಗಬೇಕೆಂದ. ಕಾರ್ಖಾನೆಗೆ ವಾರದ ರಜೆ ಗುರುವಾರ. ಆ ಗುರುವಾರ ಮಧ್ಯಾಹ್ನ ಇಬ್ಬರೂ ಪವಾಯಿಯ ಕೆರೆಯ ದಾರಿಗೆ ಹೋದರು. ಕರೀಮಸಾಬ ಗಾಡಿಯನ್ನು ಶಕ್ತಿಯಿದ್ದಷ್ಟೂ ಓಡಿಸಿ, ಓಟದ ನಡುವೆಯೇ ಇಂಜಿನ್ ಆರಿಸಿ, ತಾನಾಗಿ ಉರುಳಿ ನಿಂತ ಮೇಲೆ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿದ. ಹೀಗೆ ಮಾಡಿದರೆ ಓಡುವಾಗಿನ ಬಣ್ಣ ಪ್ಲಗ್ಗಿನ ತುದಿಯಲ್ಲಿ ಹಾಗೆಯೇ ಉಳಿದಿರುತ್ತದೆ.

"ಬರ್ರಿ, ನೋಡ್ರಿಲ್ಲೆ. ಪಕ್ಕಾ ಬಿಸ್ಕೀಟ್..."

"ಹೇಳಬೇಡಿ!" ಸೀತಾರಾಮ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡ. "ಮರದ ಎಲೆಗಳ ಹಸಿರು ಬೆಳಕು ಬೀಳ್ತಿದೆ. ಇಲ್ಲಿ ನೋಡಿದರೆ ಮನಸ್ಸಿಗೆ ಒಂದು ಅಭಿಪ್ರಾಯ ಬಂದುಬಿಡುತ್ತೆ. ಕಾಗದದಲ್ಲಿ ಸುತ್ತಿ ಕೊಡಿ. ನಾಳೆ ಬೆಳಿಗ್ಗೆ ಲ್ಯಾಬಿನಲ್ಲಿ, ಉತ್ತರದ ಬೆಳಕಿನಲ್ಲಿ ನೋಡ್ತೀನಿ."

ಕರೀಮಸಾಬ ಅವನನ್ನೂ ಪ್ಲಗ್ಗನ್ನೂ ಒಮ್ಮೆ ನೋಡಿ, ನಾಲ್ಕನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿದ. ಗಂಡಸೊಬ್ಬ ಕಣ್ಣು ಮುಚ್ಚಿಕೊಂಡು ಮೋಟಾರು ರಿಪೇರಿ ಮಾಡುವುದನ್ನು ಅವನು ಇಪ್ಪತ್ತು ವರ್ಷದ ಕಸಬಿನಲ್ಲಿ ಕಂಡಿರಲಿಲ್ಲ.

ಸಂಜೆ ಪೊಟ್ಟಣ ಸಾಂತಾಕ್ರೂಜ್‌ನ ಮನೆಯಲ್ಲಿ ಅಡಿಗೆಯ ಕಟ್ಟೆಯ ಮೇಲೆ ಕುಳಿತಿತು. ಗುರುವಾರ ಸಂಜೆ ಅಲಮೇಲತ್ತೆ ಶುಕ್ರವಾರದ ಪೂಜೆಗಾಗಿ ದೀಪ, ತಟ್ಟೆ, ಪಂಚಪಾತ್ರೆಗಳನ್ನು ಬೆಳಗುವ ಹೊತ್ತು. ಸೀತಾರಾಮ ದೂಜರೊಡನೆ ಪಂಪಿನ ವಿಷಯ ಚರ್ಚಿಸಲು ಕೆಳಗಿಳಿದಿದ್ದ. ಅತ್ತೆ ಪೊಟ್ಟಣ ಬಿಚ್ಚಿ ನೋಡಿದರು. ಕಾರ್ಖಾನೆಯ ಸಾಮಾನು, ಮೂತಿಗೆ ಕಂದು ಕೊಳೆ ಮೆತ್ತಿಕೊಂಡಿದೆ. ಹುಡುಗ ಬಾಯಿಬಿಟ್ಟು ಹೇಳಲು ನಾಚಿಕೊಂಡು ಬೆಳಗಲೆಂದೇ ಇಲ್ಲಿಟ್ಟಿದ್ದಾನೆ. ಅವನ ಶಾಲೆಯ ಸ್ಲೇಟನ್ನು ಪ್ರತಿದಿನ ತೊಳೆದಿಟ್ಟವರೂ ಅವರೇ ತಾನೇ? ಹುಣಸೆಹಣ್ಣು, ಇದ್ದಿಲ ಸಿಗಡಿಯ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರು. ಒಳಗಿನ ಸಂದಿಗೆ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ ಆಡಿಸಿದರು. ಒಲೆಯ ಪಕ್ಕದಲ್ಲಿ ಒಣಗಿಸಿ, ಅದೇ ಕಾಗದದಲ್ಲಿ ಮೊದಲಿಗಿಂತ ಅಚ್ಚುಕಟ್ಟಾಗಿ ಸುತ್ತಿಟ್ಟರು. ಶಾಮಲಾ ಇದನ್ನೆಲ್ಲ ನೋಡಿದಳು. ಗಂಡನೇ ಹೇಳಿರಬೇಕೆಂದುಕೊಂಡಳು. ಮಾಡಿದ ಉಪಕಾರವನ್ನು ಎತ್ತಿ ಹೇಳುವ ಪದ್ಧತಿ ಅತ್ತೆಗೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಉತ್ತರದ ಕಿಟಕಿಯಲ್ಲಿ ಸೀತಾರಾಮ ಪೊಟ್ಟಣ ಬಿಚ್ಚಿದ. ನಾಲ್ಕು ಪ್ಲಗ್ಗುಗಳೂ ಮಲ್ಲಿಗೆಯ ಹಾಗೆ ಬೆಳ್ಳಗಿದ್ದವು. ಕಾರ್ಖಾನೆಯ ಬಣ್ಣದ ಪಟ್ಟಿಯಲ್ಲಿ 'ಬಿಸ್ಕತ್ತು' ಇಪ್ಪತ್ತಾರನೆಯದು. ಇದು ಅಚ್ಚ ಬಿಳಿಯಾದ ಒಂದನೆಯದಕ್ಕಿಂತಲೂ ಮೇಲಿತ್ತು. ಇಂಥ ಉರಿಯಲ್ಲಿ ಮಸಿಯ ಒಂದು ಕಣವೂ ಉಳಿದಿಲ್ಲವೆಂದರೆ ಇನ್ನು ಪಿಸ್ಟನ್ನಿನ ಗತಿ? ಮೂರು ಪ್ರತಿಗಳಲ್ಲಿ ವರದಿ ಟೈಪು ಮಾಡಿಸಿದ. 'ಪಿಸ್ಟನ್ನಿಗೆ ತೂತು ಬೀಳುವ ಅಪಾಯ ಸನ್ನಿಹಿತ. ಕೂಡಲೇ ಇನ್ನೂ ಎರಡು ನಂಬರು ತಣ್ಣನೆಯ ಪ್ಲಗ್ಗು ಹಾಕತಕ್ಕದ್ದು.'

ಹೊರ್ಮಸ್‌ಜಿ ಸಾಹೇಬರು ಅಂದು ಊಟ ಬಿಟ್ಟರು. ಕ್ಲಬ್ಬಿನಲ್ಲಿ, "ನನ್ನ ವಿಜ್ಞಾನಿ ಇಲ್ಲದಿದ್ದರೆ ಇಂಜಿನ್ ಹೋಗಿಯೇಬಿಡ್ತಿತ್ತು" ಎಂದು ಹೇಳಿಕೊಂಡು ತಿರುಗಿದರು.

ಎರಡನೆಯ ಗುರುವಾರ ಪ್ಲಗ್ಗು ಬಿಚ್ಚಿದ ಕರೀಮಸಾಬ, "ಮಾಸ್ತರ್ರ, ಮಸಿ..." ಎಂದು ಶುರುಮಾಡುವಷ್ಟರಲ್ಲಿ ಸೀತಾರಾಮ ಕಣ್ಣಿನ ಜೊತೆಗೆ ಕಿವಿಯನ್ನೂ ಮುಚ್ಚಿಕೊಂಡ. ಶುಕ್ರವಾರ ನೋಡಿದರೆ ಪ್ಲಗ್ಗು ಹೋದ ವಾರಕ್ಕಿಂತ ಬೆಳ್ಳಗೆ! ಅವನ ಲೆಕ್ಕಕ್ಕೆ ಉರಿ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಮಸಿ ಹೆಚ್ಚಿದಷ್ಟೂ ಅತ್ತೆಯ ಹುಣಸೆಹಣ್ಣು ಹೆಚ್ಚುತ್ತಿತ್ತು. ಹುಣಸೆಹಣ್ಣು ಹೆಚ್ಚಿದಷ್ಟೂ ಪ್ಲಗ್ಗು ಬೆಳ್ಳಗಾಗುತ್ತಿತ್ತು. ಬೆಳ್ಳಗಾದಷ್ಟೂ ಸೀತಾರಾಮ ಇನ್ನೂ ತಣ್ಣನೆಯ ಪ್ಲಗ್ಗು ತರಿಸುತ್ತಿದ್ದ. ತಣ್ಣಗಾದಷ್ಟೂ ಮಸಿ ಹೆಚ್ಚುತ್ತಿತ್ತು. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಸಂಪೂರ್ಣವಾದ ಚಕ್ರ ಅಪರೂಪ.

ಮೂರನೆಯ ಗುರುವಾರ ಗಾಡಿ ಪವಾಯಿಯ ದಾರಿಯಲ್ಲಿ ಮೂರು ಸಲ ಸೀನಿತು. ಮೆರವಣಿಗೆಗೆಂದು ಕರೀಮಸಾಬ ಚೋರ್ ಬಜಾರಿನಿಂದ ಓಟದ ಕಾರಿನ ಪ್ಲಗ್ಗುಗಳನ್ನೇ ತಂದ. ಹಾಕುವ ಮುಂಚೆ ಒಂದು ಮಾತು ಹೇಳಿದ. "ಇವು ರೇಸಿನ ಪ್ಲಗ್ ರೀ. ನೂರು ಮೈಲಿ ಸ್ಪೀಡಿನಾಗ ಚಲೋ. ಮೆರವಣಿಗ್ಯಾಗ ಗಾಡಿ ಎಮ್ಮಿಗತೆ ಹೋಗತೈತಿ. ಬೆಂಕಿ ಸಾಲಂಗಿಲ್ಲ, ಮಸಿ ಕೂಡತೈತಿ, ಕಿಡಿ ಹಾರೂದಿಲ್ಲ."

"ಕರೀಮಸಾಬರೇ, ನನ್ನ ಹತ್ತಿರ ಮೂರು ವಾರದ ಅಂಕಿಅಂಶ ಇದೆ."

"ಹೌದ್ರಿ. ನನ್ನ ಕಡೆ ಬರೇ ಕಣ್ಣ್ ಅದಾವು."

ಮೆರವಣಿಗೆಯ ಭಾನುವಾರ ಮುಂಬಯಿಯ ಕೋಟೆ ಬಡಾವಣೆಯಿಂದ ಜುಹುವಿನವರೆಗೆ ರಸ್ತೆಯ ಎರಡೂ ಬದಿ ಜನ. ದಾರಿ ಸಾಂತಾಕ್ರೂಜ್‌ನ ತನ್ನ ಕಟ್ಟಡದ ಮುಂದೆಯೇ ಹೋಗುತ್ತದೆಂದು ತಿಳಿದು ಸೀತಾರಾಮ ವಾರದ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದ. ಸ್ಟಿಯರಿಂಗ್ ಹಿಡಿದವರು ಸಾಹೇಬರು, ಪಕ್ಕದಲ್ಲಿ ಕರೀಮಸಾಬ, ಹಿಂದಿನ ಪುಟ್ಟ ಸೀಟಿನಲ್ಲಿ ಮದುವೆಯ ಕೋಟು ತೊಟ್ಟ ಸೀತಾರಾಮ. ಗಾಡಿ ಮಾಹಿಮಿನಲ್ಲಿ ಕೆಮ್ಮಿತು. ಬಾಂದ್ರಾದಲ್ಲಿ ಬಿಕ್ಕಳಿಸಿತು. ಸಾಂತಾಕ್ರೂಜ್‌ನಲ್ಲಿ, ದೂಜರು ಹಾರ ಹಿಡಿದು ಎರಡು ಹೆಜ್ಜೆ ಮುಂದೆ ಬಂದ ಜಾಗದಲ್ಲಿ, ಒಂದು ದೊಡ್ಡ ಢಂ ಎನ್ನುವ ಸದ್ದಿನೊಂದಿಗೆ ಕಪ್ಪು ಹೊಗೆ ಬಿಟ್ಟು ನಿಂತೇಹೋಯಿತು.

"ವ್ಹಾ! ನಮಗಾಗಿ ನಿಲ್ಲಿಸಿದರು ನೋಡಿ!" ಎಂದು ದೂಜರು ಸೀತಾರಾಮನ ಕೊರಳಿಗೆ ಹಾರ ಹಾಕಿಯೇಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಹಿಂದೆ ಹತ್ತು ಮೋಟಾರುಗಳು ಹಾರನ್ ಹೊಡೆಯತೊಡಗಿದವು.

ಸಾಹೇಬರ ಮುಖ ಬಣ್ಣದ ಪಟ್ಟಿಯ ಒಂಬತ್ತನೆಯ ಕೆಂಪಿಗೆ ತಿರುಗಿತು. ಅವರ ಸಿಟ್ಟೆಲ್ಲ ಕರೀಮಸಾಬನ ಮೇಲೆ ಬಿತ್ತು. "ಏನು ಮಾಡಿದೆಯೋ ನನ್ನ ಗಾಡಿಗೆ? ನನ್ನ ವಿಜ್ಞಾನಿ ಮೂರು ವಾರ ತಲೆ ಕೆಡಿಸಿಕೊಂಡು ಲೆಕ್ಕ ಹಾಕಿಕೊಟ್ಟ, ನೀನು ಒಂದು ನಿಮಿಷದಲ್ಲಿ ಕೆಡಿಸಿದೆ! ನಾಳೆಯಿಂದ ಇದನ್ನು ಮುಟ್ಟಬೇಡ. ನನ್ನ ಸ್ನೇಹಿತರ ಗಾಡಿಗಳನ್ನೂ ಮುಟ್ಟಬೇಡ!"

ಕರೀಮಸಾಬ ಬಾನೆಟ್ಟು ಎತ್ತಿ, ಬಗ್ಗಿ ಪ್ಲಗ್ಗು ಬಿಚ್ಚಿ ಒಂದೊಂದಾಗಿ ಮಡ್‌ಗಾರ್ಡಿನ ಮೇಲಿಟ್ಟ. ಇದ್ದಿಲಿನ ತುಂಡುಗಳಂತಿದ್ದವು. ಸೀತಾರಾಮ ಮೊದಲ ಬಾರಿಗೆ ಕಣ್ಣು ತೆರೆದು ನೋಡಿದ.

ಗುಂಪನ್ನು ಸರಿಸಿಕೊಂಡು ಅಲಮೇಲತ್ತೆ ಮುಂದೆ ಬಂದರು. ಹಿಂದೆ ಶಾಮಲಾ. ಅತ್ತೆಯ ಕಣ್ಣು ಪ್ಲಗ್ಗುಗಳ ಮೇಲೆ ಬಿತ್ತು.

"ಅಯ್ಯೋ ಸೀತೂ, ಮತ್ತೆ ಇವೇನಾ! ಪ್ರತಿ ಗುರುವಾರ ಹುಣಸೆಹಣ್ಣು ಹಾಕಿ, ಕೈ ಬೊಬ್ಬೆ ಬರೋ ಹಾಗೆ ತಿಕ್ಕಿ, ಬೆಳ್ಳಿ ಥರ ಮಾಡಿ ಸುತ್ತಿಟ್ಟಿರ್ತೀನಿ. ಮುಂದಿನ ವಾರಕ್ಕೆ ಇದ್ದದ್ದಕ್ಕಿಂತ ಹೆಚ್ಚು ಮಸಿ ಮಾಡ್ಕೊಂಡು ಬರ್ತೀಯಲ್ಲೋ! ಇದೇನು ಸಾಮಾನೋ, ಬಾಣಲೆ ತಳವೋ?"

ಕರೀಮಸಾಬನ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. ಶಬ್ದ ಹೊರಬರದಂತೆ ಅವನು ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿಕೊಂಡ. "ಓ ಯೇಸುವೇ," ಎಂದು ದೂಜರು ಹಣೆ ಮುಟ್ಟಿಕೊಂಡರು.

ಗಾಡಿಯನ್ನು ಸುತ್ತುವರಿದ ಇವರಲ್ಲಿ ಕನ್ನಡ ಬಾರದವರು ಸಾಹೇಬರೊಬ್ಬರೇ. "ಮಾಯ್ ಕ್ಯಾ ಬೋಲ್ತಾ ಹೈ?" ಎಂದು ಅವರು ಅತ್ತೆಯ ಮಾತಿನ ಅರ್ಥವನ್ನು ತಮ್ಮ ವಿಜ್ಞಾನಿಯನ್ನು ಕೇಳಿದರು.

ಸೀತಾರಾಮನ ಮುಂದೆ ಎರಡು ಅನುವಾದಗಳಿದ್ದವು. 'ಶುಭವಾಗಲಿ ಎಂದು ಆಶೀರ್ವಾದ ಮಾಡುತ್ತಿದ್ದಾರೆ' ಎನ್ನುವುದು ಒಂದು. ಅದರಲ್ಲಿ ಎರಡು ಕೋಣೆ, ನಡುವೆ ಬಾಗಿಲು, ಬಾಗಿಲಿಗೆ ಚಿಲಕ ಇತ್ತು. ಶಾಮಲಾ ಅವನ ಮುಖವನ್ನೇ ನೋಡುತ್ತಿದ್ದಳು. ಬಾನೆಟ್ಟಿನ ಹೊರಗೆ ಕರೀಮಸಾಬನ ಬೆನ್ನು ಮಾತ್ರ ಕಾಣುತ್ತಿತ್ತು. ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಇಷ್ಟಾದರೂ ಅವನು ತನ್ನ ಪರವಾಗಿ ಒಂದು ಮಾತೂ ಆಡಿರಲಿಲ್ಲ.

"ಸರ್," ಎಂದ ಸೀತಾರಾಮ. "ನಾನು ಪರೀಕ್ಷೆ ಮಾಡಿದ್ದು ಪ್ಲಗ್ಗನ್ನಲ್ಲ. ನಮ್ಮ ಅತ್ತೆ ಪಾತ್ರೆ ಬೆಳಗೋದನ್ನ. ಮೊದಲನೇ ಸಲ ಕರೀಮಸಾಬರು ಹಾಕಿದ್ದೇ ಸರಿಯಾದ ಪ್ಲಗ್ಗು. ಅವರು ಹೇಳೋಕೆ ಬಂದರು. ನಾನು ಕಿವಿ ಮುಚ್ಚಿಕೊಂಡೆ."

ಸಾಹೇಬರು ಮಡ್‌ಗಾರ್ಡಿನ ಮೇಲಿನ ಒಂದು ಪ್ಲಗ್ಗನ್ನು ಎತ್ತಿ ಹಿಡಿದರು. "ಆ ಸರಿಯಾದ ಪ್ಲಗ್ಗು ಎಲ್ಲಿ?"

"ವಿಕ್ರೋಳಿಯ ಲ್ಯಾಬಿನಲ್ಲಿ, ಸರ್. ಸೀಸೆಯೊಳಗೆ, ಚೀಟಿ ಅಂಟಿಸಿ."

"ದಿಕ್ರಾ, ಕ್ವಾರ್ಟರ್ಸಿನ ಮಾತು ಮರೆತುಬಿಡು." ಸಾಹೇಬರು ಅಷ್ಟೇ ಹೇಳಿ ಕರೀಮಸಾಬನ ಕಡೆ ತಿರುಗಿದರು. ಕ್ಷಮೆ ಕೇಳಿ ಅವರಿಗೆ ರೂಢಿಯಿರಲಿಲ್ಲ. ತಮ್ಮ ಕರವಸ್ತ್ರ ತೆಗೆದು ಅವನ ಕೈಗೆ ಕೊಟ್ಟರು. "ಈಗ ಏನು ಮಾಡೋಣ?"

ಕರೀಮಸಾಬ ಬೆವರು ಒರೆಸಿಕೊಂಡು, "ಅತ್ತಿಯವರು ಮನಸ್ಸು ಮಾಡಿದ್ರ ಗಾಡಿ ಹೋಗತೈತಿ," ಎಂದ.

ಹಾಗೆಯೇ ಆಯಿತು. ಅತ್ತೆ ಬೀದಿಯ ನಲ್ಲಿಯ ಪಕ್ಕದಲ್ಲಿ ಕುಳಿತು ತಿಕ್ಕಿದರು. ಶಾಮಲಾ ಮೇಲಿಂದ ಸ್ಟೌವು ತಂದು ಪ್ಲಗ್ಗುಗಳನ್ನು ಒಣಗಿಸಿದಳು. ನೂರು ಜನ ಸುತ್ತ ನಿಂತು ಸಲಹೆ ಕೊಟ್ಟರು. ಹತ್ತು ನಿಮಿಷದಲ್ಲಿ ಇಂಜಿನ್ ಹುಲಿಯಂತೆ ಗುಡುಗಿತು.

"ಒಂದು ಮೈಲಿ ಹೋಗತೈತ್ರಿ," ಕರೀಮಸಾಬ ಎಚ್ಚರಿಸಿದ. "ಆಮ್ಯಾಲೆ ಮತ್ತ ತಿಕ್ಕಬೇಕು."

ಸಾಹೇಬರು ಇಳಿದು ಹಿಂದಿನ ಬಾಗಿಲು ತೆರೆದು, ಅಲಮೇಲತ್ತೆಗೆ ತಲೆಬಾಗಿ ಕೈ ತೋರಿಸಿದರು. ಹನ್ನೊಂದು ವರ್ಷ ಮುಂಬಯಿಯಲ್ಲಿದ್ದು ಮಾಟುಂಗದ ದೇವಸ್ಥಾನ ಮತ್ತು ರೇಷನ್ ಅಂಗಡಿ ಬಿಟ್ಟು ಬೇರೇನೂ ಕಾಣದ ಅತ್ತೆ ಒಂದು ಗಳಿಗೆ ಯೋಚಿಸಿದರು. ಸೆರಗು ಸರಿಮಾಡಿಕೊಂಡರು. ಹುಣಸೆಹಣ್ಣಿನ ಡಬ್ಬಿ, ನಾರು, ಸ್ಟೌವು ಸಮೇತ ಹತ್ತಿ ಕುಳಿತರು. ಹಿಂದಿನ ಸೀಟಿನಲ್ಲಿ ಒಬ್ಬರಿಗೇ ಜಾಗ. ದೂಜರು ಸೀತಾರಾಮನ ಕೊರಳಿನ ಹಾರ ತೆಗೆದು ಅತ್ತೆಗೆ ಕೊಟ್ಟರು. ಮೋಟಾರು ಹೊರಟಿತು. ಮದುವೆಯ ಕೋಟಿನಲ್ಲಿ ಸೀತಾರಾಮ ರಸ್ತೆಯ ಮೇಲೆ ಉಳಿದ.

ಅವನು ತಲೆ ತಗ್ಗಿಸಿಕೊಂಡು ಎರಡು ಮಾಳಿಗೆ ಹತ್ತಿದ. ಶಾಮಲಾ ಹಿಂದೆಯೇ ಬಂದು ಬಾಗಿಲು ಹಾಕಿದಳು. "ಬಾಗಿಲಿರೋ ಕೋಣೆ ಹೋಯಿತು, ಶಾಮಲಾ," ಎಂದು ಅವನು ಅಭ್ಯಾಸದಂತೆ ಪಿಸುಗುಟ್ಟಿದ. ಆಚೆಯಿಂದ ಉತ್ತರ ಬರಲಿಲ್ಲ. ಇಬ್ಬರೂ ಪರದೆಯ ಕಡೆ ನೋಡಿದರು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಅವರಿಬ್ಬರೇ ಇದ್ದರು.

"ಅದು ಹೇಗಾಯ್ತು ಅಂದರೆ, ಶಾಖ ಕಡಿಮೆಯಾದಾಗ ಪ್ಲಗ್ಗಿನ ತುದಿ..."

"ರೀ," ಎಂದಳು ಶಾಮಲಾ, "ಇನ್ನೊಂದು ಸಲ ಪ್ಲಗ್ಗು ಅಂದರೆ ನಾನು ಬಾಗಿಲು ತೆಗೆದುಬಿಡ್ತೀನಿ."

ಸೀತಾರಾಮ ಆ ಮಧ್ಯಾಹ್ನ ವಿಜ್ಞಾನದ ಮಾತೆತ್ತಲಿಲ್ಲ.

ಅತ್ತೆ ಬಂದದ್ದು ಸಂಜೆ. ಗಾಡಿ ಜುಹು ಮುಟ್ಟಿತ್ತು, ಎಲ್ಲಕ್ಕಿಂತ ಕೊನೆಗೆ, ಮೂರು ಸಲ ತಿಕ್ಕಿಸಿಕೊಂಡು. "ಎಳನೀರು ಕುಡಿಸಿದರು ಕಣೋ. ಆ ಮುದುಕರಿಗೆ ಎಂಥ ಮರ್ಯಾದೆ! ಪ್ರತಿ ಗುರುವಾರ ಗಾಡಿ ಹೊರಗೆ ತೆಗೀತಾರಂತೆ. ನಾನು ಬರಲೇಬೇಕಂತೆ, ನನ್ನ ಕೈಗುಣಕ್ಕೇ ಅದು ಓಡೋದಂತೆ."

ಅಂದಿನಿಂದ ಗುರುವಾರ ಹತ್ತು ಗಂಟೆಗೆ ಹಸಿರು ಮೋಟಾರು ಕಟ್ಟಡದ ಮುಂದೆ ನಿಲ್ಲತೊಡಗಿತು. ಅತ್ತೆ ಡಬ್ಬಿ ಹಿಡಿದು ಇಳಿದು ಹೋಗಿ, ನಾಲ್ಕಕ್ಕೆ ಮರಳುತ್ತಿದ್ದರು. ಮೂರನೆಯ ಗುರುವಾರ ಅವರನ್ನು ಕರೆಯಲು ಬಂದ ಕರೀಮಸಾಬ ಸೀತಾರಾಮನನ್ನು ಪಕ್ಕಕ್ಕೆ ಕರೆದ.

"ಮಾಸ್ತರ್ರ, ಆ ಮೊದಲಿನ ಪ್ಲಗ್ ಕೊಟ್ಟುಬಿಡ್ರಿ. ಸೀಸೆದಾಗ ಇಟ್ಟು ಏನ್ ಮಾಡ್ತೀರಿ? ಹಾಕಿಬಿಟ್ರ ಗಾಡಿ ಒಮ್ಮೇನೂ ನಿಲ್ಲಂಗಿಲ್ಲ. ಪಾಪ, ಅತ್ತಿಯವರಿಗೆ ತಿಕ್ಕೂ ತ್ರಾಸರೆ ತಪ್ಪತೈತಿ."

"ಬೇಡ," ಎಂದ ಸೀತಾರಾಮ.

"ಯಾಕ್ರಿ?"

"ಎಲ್ಲ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದೆ. ಈಗಿರೋದೇ ಸರಿಯಾದ ಪ್ಲಗ್ಗು."

ಕರೀಮಸಾಬ ಅವನ ಮುಖ ನೋಡಿದ. ತಲೆಯೆತ್ತಿ ಎರಡನೆಯ ಮಾಳಿಗೆಯ ಕಿಟಕಿ ನೋಡಿದ. ಶಾಮಲಾ ಜಡೆ ಹಾಕಿಕೊಳ್ಳುತ್ತ ನಿಂತಿದ್ದವಳು ಚಟ್ಟನೆ ಒಳಗೆ ಸರಿದಳು. ಕರೀಮಸಾಬ ಕೈಯ ಗ್ರೀಸನ್ನು ನಿಧಾನವಾಗಿ ಒರೆಸಿಕೊಂಡ.

"ಇದಕ್ಕಿಂತ ಇನ್ನೊಂದು ನಂಬರ್ ತಣ್ಣಂದು ಚೋರ್ ಬಜಾರದಾಗ ಕಂಡೀನ್ರಿ," ಎಂದ. "ಅರ್ಧಾ ಮೈಲಿಗೊಮ್ಮೆ ತಿಕ್ಕಬೇಕಾಗತೈತಿ. ಮನಿ ಮುಟ್ಟೂದ್ರಾಗ ಸಂಜಿ ಆರಾಗತೈತಿ."

ಸೀತಾರಾಮ ಜೇಬಿನಿಂದ ಪೆನ್ನು ತೆಗೆದ. "ನಂಬರ್ ಹೇಳಿ," ಎಂದ.